ವ್ಯುರ್ಟೆಂಬರ್ಗಿನಿಂದ ಒಹಾಯೋಗೆ ಬಂದವರ ಮೂಲ ಊರನ್ನು ಹುಡುಕುವ ಬಗೆ

ಸಿನ್ಸಿನಾಟಿಯ ಸೊಸೆ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು. ಮದುವೆಯಾದ ಮೇಲೆ ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ನೆಲೆಸಿದ್ದೇನೆ. ನನ್ನ ಪತಿಯ ಮನೆತನ ಜರ್ಮನ್ ಮೂಲದ್ದು. ಅತ್ತೆಯವರು ತಮ್ಮಲ್ಲಿದ್ದ ಹಳೆಯ ಕಾಗದಪತ್ರಗಳನ್ನೆಲ್ಲ ನನ್ನ ವಶಕ್ಕೆ ಕೊಟ್ಟು, ಮನೆತನದ ಮೂಲ ಊರು ಯಾವುದೆಂದು ಪತ್ತೆ ಮಾಡುವ ಹೊಣೆಯನ್ನೂ ನನಗೇ ವಹಿಸಿದ್ದಾರೆ.

ಈವರೆಗೆ ತಿಳಿದಿರುವುದು ಇಷ್ಟು. ಪತಿಯಿಂದ ಹಿಂದಕ್ಕೆ ಐದನೆಯ ತಲೆಮಾರಿನವರು 1854ರಲ್ಲಿ ಇಲ್ಲಿಗೆ ಬಂದರು. ಪೀಪಾಯಿ ಮಾಡುವುದು ಅವರ ಕಸುಬು. ಆಗಿನ ಸಿನ್ಸಿನಾಟಿಯಲ್ಲಿ ಬಿಯರ್ ಭಟ್ಟಿಗಳಿಗೆ ಕೊರತೆಯಿರಲಿಲ್ಲವಾದ್ದರಿಂದ ಕೆಲಸಕ್ಕೂ ಕೊರತೆಯಾಗಲಿಲ್ಲ. 1860, 1870 ಮತ್ತು 1880ರ ಜನಗಣತಿಗಳಲ್ಲಿ ಹುಟ್ಟಿದ ಸ್ಥಳವೆಂದು ದಕ್ಷಿಣ ಜರ್ಮನಿಯ ಆಗಿನ ರಾಜ್ಯವಾದ ವ್ಯುರ್ಟೆಂಬರ್ಗ್ ಎಂಬುದೊಂದೇ ಹೆಸರಿದೆ. ಅಂತರ್ಯುದ್ಧದ ಕಾಲದ ಸಮವಸ್ತ್ರದಲ್ಲಿ ತೆಗೆಸಿಕೊಂಡ ಒಂದು ಭಾವಚಿತ್ರವಿದೆ. ಅವರು ತೀರಿಕೊಂಡದ್ದು 1891ರಲ್ಲಿ, ಪತ್ನಿ 1908ರಲ್ಲಿ. ಪೌರತ್ವದ ಕಾಗದಗಳಿಗಾಗಿ ವಿಚಾರಿಸಿದಾಗ, 1884ರ ಗಲಭೆಯಲ್ಲಿ ಇಲ್ಲಿನ ನ್ಯಾಯಾಲಯದ ಕಟ್ಟಡಕ್ಕೆ ಬೆಂಕಿ ಬಿದ್ದು ಬಹಳಷ್ಟು ದಾಖಲೆಗಳು ಸುಟ್ಟುಹೋಗಿವೆ ಎಂಬ ಉತ್ತರ ಬಂತು.

ಮನೆಯವರು ಹೇಳುವ ಮಾತುಗಳು ಬೇರೆ ಇವೆ: ಮೂರು ಜನ ಅಣ್ಣತಮ್ಮಂದಿರು ಒಟ್ಟಿಗೆ ಹಡಗು ಹತ್ತಿದರು, ಒಬ್ಬ ಪಶ್ಚಿಮಕ್ಕೆ ಹೋಗಿ ಕಾಣೆಯಾದ, ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿ ಅಡ್ಡಹೆಸರನ್ನು ಬದಲಿಸಿಬಿಟ್ಟ, ಊರು ಸ್ಟುಟ್‌ಗಾರ್ಟ್. ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮುಲ್ಲರ್‌ನಷ್ಟೇ ಸಾಮಾನ್ಯವಾದದ್ದು ಎಂದರೆ ಸಾಕು. ಅಂತರಜಾಲದ ಒಂದು ವಂಶವೃಕ್ಷದಲ್ಲಿ ಅದೇ ಹೆಸರಿನ, ಅದೇ ವಯಸ್ಸಿನ, ಹೈಲ್‌ಬ್ರಾನ್ ಬಳಿ ಹುಟ್ಟಿದ ಒಬ್ಬರು ಸಿಕ್ಕಿದ್ದಾರೆ. ಅವರೇ ಇವರು ಎಂದು ತೆಗೆದುಕೊಳ್ಳಬಹುದೇ?

ಕಡತಪ್ರಿಯ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ತೆಗೆದುಕೊಳ್ಳಬಾರದು. ಜರ್ಮನಿಯ ಯಾವ ಪ್ರಾಂತ್ಯದಲ್ಲೇ ಆಗಲಿ, ಹೆಸರು ಮತ್ತು ಅಂದಾಜು ವಯಸ್ಸು ಹೊಂದಿಕೆಯಾಯಿತೆಂಬ ಕಾರಣಕ್ಕೆ ಒಬ್ಬರನ್ನು ಪೂರ್ವಿಕರೆಂದು ಒಪ್ಪಿಕೊಂಡರೆ, ಅಲ್ಲಿಂದ ಹಿಂದಕ್ಕೆ ನೀವು ಕಟ್ಟುವ ವಂಶವೆಲ್ಲವೂ ಬೇರೆ ಯಾರದೋ ಮನೆಯದಾಗುತ್ತದೆ. ದಕ್ಷಿಣ ಜರ್ಮನಿಯ ಲುಥೆರನ್ (ಪ್ರಾಟೆಸ್ಟಂಟ್ ಪಂಥದ) ಕುಟುಂಬಗಳಲ್ಲಿ ಗಂಡುಮಕ್ಕಳಿಗೆ ಯೋಹಾನ್ ಎಂಬ ಮೊದಲ ಹೆಸರನ್ನಿಟ್ಟು ಅದರ ಮುಂದೆ ಗಿಯೋರ್ಗ್, ಯಾಕೋಬ್, ಫ್ರೀಡ್ರಿಕ್ ಎಂದು ಸೇರಿಸುವ ರೂಢಿಯಿತ್ತು. ಕರೆಯುತ್ತಿದ್ದುದು ಎರಡನೆಯ ಹೆಸರಿನಿಂದಲೇ. ಆದ್ದರಿಂದ ಒಂದೇ ಊರಿನಲ್ಲಿ, ಒಂದೇ ದಶಕದಲ್ಲಿ, ಒಂದೇ ಹೆಸರಿನ ಮೂವರು ನಾಲ್ವರು ಸಿಗುವುದು ಅಪರೂಪವಲ್ಲ.

ಇನ್ನು ಮನೆಯ ಮಾತುಗಳು. ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದದ್ದು 1892ರ ಜನವರಿ 1ರಂದು. ನಿಮ್ಮವರು ಬಂದ 1854ರಲ್ಲಿ ಅದಕ್ಕೂ ಹಿಂದಿನ ಕ್ಯಾಸಲ್ ಗಾರ್ಡನ್ ಕೇಂದ್ರವೂ ಇರಲಿಲ್ಲ. ಅದು ಆರಂಭವಾದದ್ದು 1855ರ ಆಗಸ್ಟ್‌ನಲ್ಲಿ. ಎಲ್ಲಿಸ್ ದ್ವೀಪದ ಅಧಿಕಾರಿಗಳೂ ಹೆಸರು ಬರೆದುಕೊಳ್ಳುವವರಲ್ಲ, ಹಡಗಿನವರು ಹೊರಡುವ ಬಂದರಿನಲ್ಲೇ ತಯಾರಿಸಿದ ಪಟ್ಟಿಯೊಂದಿಗೆ ಬಂದಿಳಿದವರನ್ನು ತಾಳೆ ನೋಡುವವರಾಗಿದ್ದರು. ಹೆಸರು ಬದಲಾದದ್ದು ಸಾಮಾನ್ಯವಾಗಿ ಆಮೇಲೆ: ಜನಗಣತಿಯವನು ಕಿವಿಗೆ ಬಿದ್ದಂತೆ ಬರೆದಾಗ, ಶಾಲೆಯಲ್ಲಿ, ಅಥವಾ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಹೆಸರನ್ನು ಹೊತ್ತು ತಿರುಗುವುದೇ ಕಷ್ಟವಾದಾಗ. ನಿಮ್ಮ ಊರಿನಲ್ಲೇ 1918ರಲ್ಲಿ ಬ್ರೆಮೆನ್ ಬೀದಿ ರಿಪಬ್ಲಿಕ್ ಬೀದಿಯಾಯಿತು. ಹಳೆಯ ವಿಳಾಸ ಪುಸ್ತಕಗಳನ್ನು ನೋಡುವಾಗ ಇದನ್ನು ನೆನಪಿಡಿ, ಇಲ್ಲದಿದ್ದರೆ ಒಂದೇ ಮನೆಯನ್ನು ಎರಡೆಂದು ಎಣಿಸುತ್ತೀರಿ. ಮೂವರು ಅಣ್ಣತಮ್ಮಂದಿರ ಕಥೆಯನ್ನು ಪ್ರತಿಯೊಂದು ವಲಸೆಯ ಮನೆಯಲ್ಲೂ ಕೇಳಿದ್ದೇನೆ. ದಾಖಲೆ ಸಿಗುವವರೆಗೆ ಅದನ್ನು ಕಥೆಯಾಗಿಯೇ ಇಟ್ಟುಕೊಳ್ಳಿ. ಸ್ಟುಟ್‌ಗಾರ್ಟ್ ಎಂಬುದೂ ಅಂಥದೇ. ಸಣ್ಣ ಹಳ್ಳಿಯವರು ಪರದೇಶದಲ್ಲಿ ಕೇಳಿದವರಿಗೆ ಸಮೀಪದ ದೊಡ್ಡ ಊರನ್ನೇ ಹೇಳುತ್ತಾರೆ.

ಹಡಗಿನ ಪಟ್ಟಿಯ ಮೇಲೆ ಹೆಚ್ಚು ಆಸೆ ಇಡಬೇಡಿ. 1820ರಿಂದ ಅಮೆರಿಕದ ಬಂದರುಗಳಲ್ಲಿ ಪ್ರಯಾಣಿಕರ ಪಟ್ಟಿಗಳನ್ನು ಒಪ್ಪಿಸಿಕೊಳ್ಳುತ್ತಿದ್ದರು, ಅವು ಉಳಿದೂ ಇವೆ. ಆದರೆ ಆ ಕಾಲದ ಪಟ್ಟಿಗಳಲ್ಲಿ ದೇಶದ ಹೆಸರಿರುತ್ತದೆಯೇ ಹೊರತು ಹಳ್ಳಿಯ ಹೆಸರು ಇರುವುದು ತೀರ ಅಪರೂಪ. ಹೊರಡುವ ಬಂದರಿನ ಪಟ್ಟಿಗಳಲ್ಲಿ ಕೊನೆಯ ವಾಸಸ್ಥಳವನ್ನು ಬರೆಯುತ್ತಿದ್ದುದು ಹ್ಯಾಂಬರ್ಗಿನಲ್ಲಿ. ಅಲ್ಲಿನ 1850ರಿಂದ 1934ರವರೆಗಿನ ಪಟ್ಟಿಗಳು ಬಹುಮಟ್ಟಿಗೆ ಉಳಿದಿವೆ. ಬ್ರೆಮೆನ್ನಿನ ಪಟ್ಟಿಗಳಲ್ಲಿ 1920ಕ್ಕೆ ಹಿಂದಿನವು ಬಹುತೇಕ ನಾಶವಾಗಿವೆ. ವ್ಯುರ್ಟೆಂಬರ್ಗಿನವರಾದರೋ ಹೆಚ್ಚಾಗಿ ಫ್ರಾನ್ಸಿನ ಲ ಆವ್ರ್ ಬಂದರಿನಿಂದ ಹೊರಡುತ್ತಿದ್ದರು. ಅಮೆರಿಕದಿಂದ ಹತ್ತಿ ತಂದಿಳಿಸಿದ ಹಡಗುಗಳು ಮರಳುವಾಗ ಜನರನ್ನು ತುಂಬಿಕೊಂಡು ಹೋಗುತ್ತಿದ್ದವು. 1854ರ ಒಂದೇ ವರ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜರ್ಮನರು ಅಮೆರಿಕದಲ್ಲಿ ಬಂದಿಳಿದರು. ಆ ಗುಂಪಿನಲ್ಲಿ ಸಾಮಾನ್ಯ ಹೆಸರಿನ ಒಬ್ಬ ಯುವಕನನ್ನು ಗುರುತಿಸಿದರೂ ಅವನು ನಿಮ್ಮವನೇ ಎಂದು ಹೇಗೆ ಹೇಳುತ್ತೀರಿ?

ನಾನು ಹೇಳಬೇಕಾದ ಮುಖ್ಯ ಮಾತು ಇದು: ಹಳ್ಳಿಯ ಹೆಸರು ಕೈಗೆ ಸಿಗುವವರೆಗೆ ಸಮುದ್ರ ದಾಟಬೇಡಿ. ಆ ಹೆಸರು ಸಿಗಬೇಕಾದದ್ದು ಜರ್ಮನಿಯಲ್ಲಲ್ಲ, ಒಹಾಯೋದಲ್ಲಿ. 1871ರವರೆಗೆ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. ಇದ್ದದ್ದು ಹತ್ತಾರು ರಾಜ್ಯಗಳು, ಮತ್ತು ಒಂದೊಂದು ಊರಿಗೂ ತನ್ನದೇ ಚರ್ಚು, ತನ್ನದೇ ದಾಖಲೆ ಪುಸ್ತಕ. ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಅನ್ವಯಿಸುವಂತೆ ಜನನ ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1876ರಲ್ಲಿ. ಅದಕ್ಕೂ ಹಿಂದಿನದಕ್ಕೆ ವ್ಯುರ್ಟೆಂಬರ್ಗಿನಲ್ಲಿ ಊರಿನ ಚರ್ಚಿನ ಪುಸ್ತಕವೇ ಗತಿ. ಊರು ಗೊತ್ತಿಲ್ಲದವರಿಗೆ ಯಾವ ಪುಸ್ತಕ ತೆರೆಯಬೇಕೆಂಬುದೂ ಗೊತ್ತಾಗುವುದಿಲ್ಲ.

ಆದ್ದರಿಂದ ಸಿನ್ಸಿನಾಟಿಯಲ್ಲೇ ಅಗೆಯಿರಿ. ಅವರ ಮದುವೆ ಇಲ್ಲೇ ಆಗಿದ್ದರೆ ಯಾವ ಚರ್ಚಿನಲ್ಲಿ ಆಯಿತೆಂದು ಮೊದಲು ನೋಡಿ. ಸರ್ಕಾರದ ಮದುವೆ ದಾಖಲೆಯಲ್ಲಿ ಊರಿನ ಹೆಸರಿಲ್ಲದಿದ್ದರೂ ಮದುವೆ ಮಾಡಿಸಿದ ಪಾದ್ರಿಯ ಹೆಸರಿರುತ್ತದೆ, ಆ ಹೆಸರಿನಿಂದ ಚರ್ಚನ್ನು ಪತ್ತೆ ಮಾಡಬಹುದು. ಜರ್ಮನ್ ಭಾಷೆಯಲ್ಲೇ ದಾಖಲೆ ಬರೆಯುತ್ತಿದ್ದ ಚರ್ಚುಗಳಲ್ಲಿ ಮದುವೆ ಮತ್ತು ಶವಸಂಸ್ಕಾರದ ನಮೂದುಗಳ ಜೊತೆಗೆ ಹುಟ್ಟಿದ ಊರನ್ನೂ ಬರೆಯುವ ಪದ್ಧತಿ ಬಹಳ ಕಡೆ ಇತ್ತು. ಮೆಥಡಿಸ್ಟ್ ಮತದವರಾಗಿದ್ದರೆ, 1839ರಿಂದ ಸಿನ್ಸಿನಾಟಿಯಲ್ಲೇ ಅಚ್ಚಾಗುತ್ತಿದ್ದ ‘ಡೆರ್ ಕ್ರಿಸ್ಟ್‌ಲಿಖೆ ಅಪೋಲೊಗೆಟೆ’ ಎಂಬ ಜರ್ಮನ್ ವಾರಪತ್ರಿಕೆಯ ಮರಣವಾರ್ತೆಗಳನ್ನು ನೋಡಬೇಕು.

ಸಮವಸ್ತ್ರದ ಚಿತ್ರವನ್ನು ಕಡೆಗಣಿಸಬೇಡಿ. 1861ರಲ್ಲಿ ಸಿನ್ಸಿನಾಟಿಯಲ್ಲಿ ಕಟ್ಟಿದ 9ನೆಯ ಒಹಾಯೋ ಪದಾತಿ ದಳದಲ್ಲಿ ಬಹುಪಾಲು ಜರ್ಮನರೇ ಇದ್ದರು. 1890ರ ಜನಗಣತಿ ವಾಷಿಂಗ್ಟನ್ನಿನಲ್ಲಿ 1921ರ ಬೆಂಕಿಗೆ ಸಿಕ್ಕಿ ಹಾಳಾಯಿತೆಂಬುದು ನಿಜ, ಆದರೆ ಅದೇ ವರ್ಷ ಅಂತರ್ಯುದ್ಧದ ಮಾಜಿ ಸೈನಿಕರನ್ನೂ ಸೈನಿಕರ ವಿಧವೆಯರನ್ನೂ ಕುರಿತು ಮಾಡಿದ ಪ್ರತ್ಯೇಕ ಪಟ್ಟಿಯಲ್ಲಿ ಒಹಾಯೋದ ಭಾಗ ಉಳಿದಿದೆ. ನಿಮ್ಮವರು 1891ರವರೆಗೆ ಬದುಕಿದ್ದರಾದ್ದರಿಂದ ಅಲ್ಲಿ ಅವರ ಹೆಸರೂ ದಳವೂ ಸಿಗಬೇಕು. ಅದರ ಆಧಾರದ ಮೇಲೆ ರಾಷ್ಟ್ರೀಯ ಪತ್ರಾಗಾರದಿಂದ ಪಿಂಚಣಿ ಕಡತವನ್ನು ತರಿಸಿ. ವಿಧವೆ ಅರ್ಜಿ ಹಾಕಿದ್ದರೆ ಮದುವೆಯ ಪುರಾವೆ ಒಪ್ಪಿಸಲೇಬೇಕಾಗಿತ್ತು. ಮದುವೆ ಹಳೆಯ ನಾಡಿನಲ್ಲೇ ಆಗಿದ್ದ ಪಕ್ಷದಲ್ಲಿ ಊರಿನ ಪಾದ್ರಿಯಿಂದ ತರಿಸಿದ ಪ್ರತಿಯೇ ಆ ಕಡತದಲ್ಲಿರಲು ಸಾಧ್ಯ.

ಅಯೋವಾದ ಅಳಿಯ:

ಕಡತಪ್ರಿಯರ ಮಾತಿಗೆ ಸೇರಿಸುವುದಾದರೆ, ಹುಡುಕುವ ಕ್ರಮವೂ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬದಲಾಗುತ್ತದೆ. ನನ್ನ ಪತ್ನಿಯ ಕಡೆಯವರು ಉತ್ತರ ಸಮುದ್ರದ ದಂಡೆಯ ಓಸ್ಟ್‌ಫ್ರೀಸ್‌ಲಾಂಡಿನಿಂದ ಅಯೋವಾದ ಗ್ರಂಡಿ ಕೌಂಟಿಗೆ ಬಂದ ರೈತರು. ಆ ನಾಡಿನಲ್ಲಿ ಸ್ಥಿರವಾದ ಅಡ್ಡಹೆಸರೇ ಬಹುಕಾಲ ಇರಲಿಲ್ಲ. ತಂದೆಯ ಹೆಸರೇ ಮಗನ ಎರಡನೆಯ ಹೆಸರು. ಹಾರ್ಮ್ ಎಂಬವನ ಮಗ ಯಾನ್ ಹಾರ್ಮ್ಸ್, ಅವನ ಮಗ ಹಾರ್ಮ್ ಯಾನ್ಸೆನ್. 1811ರಲ್ಲಿ ನೆಪೋಲಿಯನ್ನನ ಆಡಳಿತ ಪ್ರತಿಯೊಬ್ಬರೂ ಒಂದು ಅಡ್ಡಹೆಸರನ್ನು ಗೊತ್ತುಮಾಡಿಕೊಳ್ಳಬೇಕೆಂದು ಆಜ್ಞೆ ಮಾಡಿತು, ಆದರೆ ಅನೇಕರು ಹಳೆಯ ರೂಢಿಯನ್ನು ಬಿಡಲಿಲ್ಲ. ಹಾಗಾಗಿ ಅಡ್ಡಹೆಸರನ್ನು ಹಿಡಿದು ಹಿಂದಕ್ಕೆ ಹೋಗುವವರು ಎರಡು ತಲೆಮಾರಿನಲ್ಲೇ ದಾರಿ ತಪ್ಪುತ್ತಾರೆ. ಸೊಸೆಯವರಿಗೆ ಈ ತೊಂದರೆಯಿಲ್ಲ, ವ್ಯುರ್ಟೆಂಬರ್ಗಿನಲ್ಲಿ ಅಡ್ಡಹೆಸರುಗಳು ಶತಮಾನಗಳಿಂದ ಸ್ಥಿರವಾಗಿವೆ.

ಅಂದಹಾಗೆ, ನಮ್ಮ ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು ಇದೇ ಓಸ್ಟ್‌ಫ್ರೀಸ್‌ಲಾಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, 1832ರಲ್ಲಿ. ತಂದೆ ಪಾದ್ರಿ. ಪತ್ನಿಯ ಕಡೆಯವರಿಗೆ ಈ ಸಂಗತಿ ಹೇಳಿದಾಗ ಅವರಿಗೆ ಕಿಟ್ಟೆಲ್ ಯಾರೆಂದೇ ಗೊತ್ತಿರಲಿಲ್ಲ. ನಿಘಂಟಿನ ಗಾತ್ರವನ್ನು ಕೈಯಲ್ಲಿ ತೋರಿಸಿ ವಿವರಿಸಬೇಕಾಯಿತು.

ವಿಸ್ಕಾನ್ಸಿನ್ ವಾಸಿ:

ಜನಗಣತಿಯಲ್ಲಿ ಪ್ರಷ್ಯ ಎಂದಿರುವವರಿಗಾಗಿ ಒಂದು ಮಾತು. ಪ್ರಷ್ಯ ಎಂದರೆ ರೈನ್ ನದಿಯ ದಂಡೆಯೂ ಆಗಬಹುದು, ಬಾಲ್ಟಿಕ್ ಕರಾವಳಿಯೂ ಆಗಬಹುದು. ನಮ್ಮ ಭಾಗದಲ್ಲಿ ಬಾಲ್ಟಿಕ್ ಕರಾವಳಿಯ ಪೊಮೆರೇನಿಯದಿಂದ ಬಂದವರು ಹೆಚ್ಚು. ಪ್ರಷ್ಯದ ದೊರೆಯ ಆಜ್ಞೆಯಂತೆ ಎರಡು ಪ್ರಾಟೆಸ್ಟಂಟ್ ಪಂಥಗಳನ್ನು ಸೇರಿಸಿ ಮಾಡಿದ ಚರ್ಚನ್ನು ಒಪ್ಪದ ಹಳೆಯ ಲುಥೆರನ್ನರ ಗುಂಪೊಂದು 1839ರಲ್ಲೇ ಮಿಲ್ವಾಕೀ ಬಳಿಯ ಫ್ರೈಸ್ಟಾಟ್‌ನಲ್ಲಿ ನೆಲೆಯೂರಿತು. ಅವರ ಹಳ್ಳಿಗಳಲ್ಲಿ ಬಹುಪಾಲು 1945ರ ನಂತರ ಪೋಲೆಂಡಿಗೆ ಸೇರಿದವು, ಹೆಸರುಗಳೂ ಬದಲಾದವು: ಸ್ಟೆಟೀನ್ ಈಗ ಶ್ಚೆಚಿನ್, ಕ್ಯೋಸ್ಲೀನ್ ಈಗ ಕೊಶಾಲಿನ್. ಉಳಿದ ದಾಖಲೆಗಳು ಕೆಲವು ಪೋಲೆಂಡಿನ ಸರ್ಕಾರಿ ಪತ್ರಾಗಾರಗಳಲ್ಲಿವೆ, ಕೆಲವು ಬರ್ಲಿನ್ನಿನಲ್ಲಿವೆ, ಯುದ್ಧದಲ್ಲಿ ಹೋದವು ಹೋದವು. ನಮಗೆ ಹೋಲಿಸಿದರೆ ವ್ಯುರ್ಟೆಂಬರ್ಗಿನವರು ಪುಣ್ಯವಂತರು.

ಸಿನ್ಸಿನಾಟಿಯ ಸೊಸೆ:

ಎಲ್ಲರಿಗೂ ಕೃತಜ್ಞತೆಗಳು. ಮಾಜಿ ಸೈನಿಕರ ಪಟ್ಟಿಯಲ್ಲಿ ಹೆಸರು ಸಿಕ್ಕಿತು. ದಳ 9ನೆಯದಲ್ಲ, ಬೇರೆ. ಪಿಂಚಣಿ ಕಡತಕ್ಕೆ ಅರ್ಜಿ ಹಾಕಿದ್ದೇನೆ. ಮದುವೆ ಮಾಡಿಸಿದ ಪಾದ್ರಿಯ ಹೆಸರಿನಿಂದ ಒಂದು ಜರ್ಮನ್ ಇವ್ಯಾಂಜೆಲಿಕಲ್ ಸಭೆಯನ್ನು ಗುರುತಿಸಿದ್ದೇನೆ. ಅದರ ಹಳೆಯ ಪುಸ್ತಕಗಳ ಚಿತ್ರಗಳು ದೊರೆತಿವೆ, ಆದರೆ ಅಕ್ಷರ ಒಂದೂ ಅರ್ಥವಾಗುತ್ತಿಲ್ಲ. ಜರ್ಮನ್ ಓದಬಲ್ಲ ನನ್ನ ಪತಿಗೂ ಅರ್ಥವಾಗುತ್ತಿಲ್ಲ. ಇದನ್ನು ಓದಲು ಕಲಿಯುವುದು ಸಾಧ್ಯವೇ, ಅಥವಾ ಯಾರಿಗಾದರೂ ಹಣ ಕೊಟ್ಟು ಓದಿಸಬೇಕೇ?

ಬಲ್ಮಠದ ಓದುಗ:

ಕಲಿಯಬಹುದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಕಾಗದಗಳನ್ನು ಓದಬೇಕಾಗಿ ಬಂದು ನಾನೂ ಕಲಿತವನು. ಆ ಬರಹಕ್ಕೆ ಕುರೆಂಟ್ ಎಂದು ಹೆಸರು. 1941ರಲ್ಲಿ ಶಾಲೆಗಳಿಂದ ಅದನ್ನು ತೆಗೆದುಹಾಕಿದ ಮೇಲೆ ಹುಟ್ಟಿದ ಜರ್ಮನರಿಗೂ ಅದು ಅಪರಿಚಿತವೇ, ಆದ್ದರಿಂದ ನಿಮ್ಮ ಪತಿ ನಾಚಿಕೊಳ್ಳಬೇಕಾಗಿಲ್ಲ. ಅದರಲ್ಲಿ ‘ಇ’ (e) ಮತ್ತು ‘ಎನ್’ (n) ಅಕ್ಷರಗಳನ್ನು ಸೂಚಿಸುವ ಗೀಟುಗಳು ಒಂದರಂತೆ ಇನ್ನೊಂದು ಕಾಣುತ್ತವೆ. ‘ಯು’ ಅಕ್ಷರದ ಮೇಲೆ ಒಂದು ಸಣ್ಣ ಕೊಂಕು ಇರುತ್ತದೆ. ಮೊದಲು ನಿಮಗೆ ಗೊತ್ತಿರುವ ಹೆಸರುಗಳನ್ನೇ, ಅಂದರೆ ಮನೆತನದ ಅಡ್ಡಹೆಸರು, ಸಿನ್ಸಿನಾಟಿ, ತಿಂಗಳುಗಳು ಇಂಥವನ್ನು ಆ ಬರಹದಲ್ಲಿ ನೀವೇ ಬರೆದು ಕೈಗೆ ರೂಢಿ ಮಾಡಿಕೊಳ್ಳಿ, ಆಮೇಲೆ ಕಣ್ಣಿಗೆ ತಾನಾಗಿ ರೂಢಿಯಾಗುತ್ತದೆ. ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಇಂಥ ಬರಹವನ್ನು ಮಟ್ಟಸವಾಗಿ ಓದಿಕೊಡುತ್ತದೆ, ಆದರೆ ಊರಿನ ಹೆಸರುಗಳ ವಿಷಯದಲ್ಲಿ ಅದನ್ನು ಪೂರ್ತಿ ನಂಬಬೇಡಿ.

ಸಂಕೇತಗಳನ್ನೂ ತಿಳಿದಿರಬೇಕು. 7 ಎಂಬ ಅಂಕಿಯ ಮುಂದೆ ‘ಬರ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಹಾಗೆಯೇ 8 ಎಂದರೆ ಅಕ್ಟೋಬರ್. ಲ್ಯಾಟಿನ್ನಿನ ಏಳು, ಎಂಟು ಎಂಬ ಎಣಿಕೆಯಿಂದ ಬಂದ ತಿಂಗಳ ಹೆಸರುಗಳವು. ನಕ್ಷತ್ರದ ಗುರುತು ಜನನಕ್ಕೆ, ಶಿಲುಬೆ ಮರಣಕ್ಕೆ. ಶವಸಂಸ್ಕಾರದ ನಮೂದಿನಲ್ಲಿ ಹುಟ್ಟಿದ ದಿನವಿಲ್ಲದೆ ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ ಬದುಕಿದರೆಂದು ಬರೆದಿದ್ದರೆ ಬೇಸರಪಡಬೇಡಿ. ಹಿಂದಕ್ಕೆ ಲೆಕ್ಕ ಹಾಕಿ ಹುಟ್ಟಿದ ದಿನವನ್ನು ತೆಗೆಯಬಹುದು, ಒಂದೆರಡು ದಿನ ಆಚೀಚೆಯಾದರೂ ಸರಿ.

ಇವ್ಯಾಂಜೆಲಿಕಲ್ ಸಭೆ ಎಂದಿರಲ್ಲ, ಅದು ನನಗೆ ಸಂತೋಷ ಕೊಟ್ಟಿತು. ಬಾಸೆಲ್ ಮಿಷನ್ನಿನ ಸೆಮಿನರಿಯಲ್ಲಿ ತರಬೇತಾದವರೆಲ್ಲರೂ ಮಂಗಳೂರು, ಧಾರವಾಡಗಳಿಗೆ ಬರಲಿಲ್ಲ. ಕೆಲವರನ್ನು ಅಮೆರಿಕದ ಮಧ್ಯಪಶ್ಚಿಮ ಭಾಗದ ಜರ್ಮನ್ ವಲಸೆಗಾರರ ಸಭೆಗಳಿಗೆ ಪಾಲಕರನ್ನಾಗಿ, ಅಂದರೆ ಪಾದ್ರಿಗಳನ್ನಾಗಿ, ಕಳಿಸಿದರು. ನಮಗೆ ‘ಮಂಗಳೂರ ಸಮಾಚಾರ’ ಕೊಟ್ಟ ಹೆರ್ಮನ್ ಮೋಗ್ಲಿಂಗ್ ವ್ಯುರ್ಟೆಂಬರ್ಗಿನ ಬ್ರಾಕೆನ್‌ಹೈಮಿನವರು. ಅವರು ಓದಿದ ಸೆಮಿನರಿಯಲ್ಲೇ ಓದಿ ಸಿನ್ಸಿನಾಟಿ ಕಡೆಗೆ ಹೋದ ಪಾಲಕನೊಬ್ಬ ನಿಮ್ಮ ಪುಸ್ತಕವನ್ನು ಬರೆದಿದ್ದರೆ ಆಶ್ಚರ್ಯವಿಲ್ಲ. ಅಂಥವರಿಗೆ ಆ ನಾಡಿನ ಹಳ್ಳಿಗಳ ಹೆಸರು ಬಾಯಿಪಾಠ. ಇಂಗ್ಲಿಷ್ ಗುಮಾಸ್ತನಂತೆ ಕಿವಿಗೆ ಬಿದ್ದದ್ದನ್ನು ಗೀಚುವವರಲ್ಲ. ಆದ್ದರಿಂದ ಆ ಪುಸ್ತಕದಲ್ಲಿ ಊರಿನ ಹೆಸರು ಸಿಕ್ಕರೆ ಅದಕ್ಕೆ ಬೆಲೆ ಹೆಚ್ಚು.

ಸಂಶಯಾತ್ಮ:

ಇಷ್ಟೆಲ್ಲ ಕಷ್ಟ ಏಕೆ? ಎಂಜಲಿನ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮೂಲ ತಿಳಿಯುವುದಿಲ್ಲವೇ?

ಕಡತಪ್ರಿಯ:

ಶೇಕಡಾ ಇಷ್ಟು ಜರ್ಮನ್ ಎಂದು ಬರುವ ಫಲಿತಾಂಶದಿಂದ ಊರು ತಿಳಿಯುವುದಿಲ್ಲ. ಪರೀಕ್ಷೆ ಉಪಯೋಗಕ್ಕೆ ಬರುವುದು ಬೇರೆ ರೀತಿಯಲ್ಲಿ: ಅದೇ ಪೂರ್ವಿಕರಿಂದ ಬಂದ ದೂರದ ದಾಯಾದಿಗಳು ಸಿಗುತ್ತಾರೆ, ಅವರ ಮನೆಯ ಬೈಬಲ್ಲಿನಲ್ಲೋ ಪತ್ರದಲ್ಲೋ ಊರಿನ ಹೆಸರಿರಬಹುದು. ಆದರೆ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಅಮೆರಿಕದವರೇ ಹೆಚ್ಚು, ಜರ್ಮನಿಯಲ್ಲಿರುವವರು ಕಡಿಮೆ. ಕಾಗದದ ಕೆಲಸಕ್ಕೆ ಅದು ಪೂರಕವಾಗಬಹುದೇ ಹೊರತು ಬದಲಿಯಾಗದು. ನಮ್ಮಲ್ಲಿ ಹೆಳವರು ಮನೆ ಮುಂದೆ ಬಂದು ವಂಶಾವಳಿ ಹೇಳುವಾಗ ಯಾವ ಊರಿನಿಂದ ಯಾವ ಊರಿಗೆ ಯಾರು ಎದ್ದುಬಂದರೆಂದು ಹೇಳಿಯೇ ಮುಂದಿನ ತಲೆಮಾರಿಗೆ ಹೋಗುತ್ತಾರಲ್ಲವೇ, ಇಲ್ಲಿಯೂ ಅದೇ ಕ್ರಮ ಬೇಕು.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿರುವ ದಾಯಾದಿಗಳು ಸಿಕ್ಕರೆ ಅವರ ಬಳಿ 1930ರ ದಶಕದ ಆನೆನ್‌ಪಾಸ್ ಎಂಬ ಪೂರ್ವಿಕರ ಪುಸ್ತಿಕೆ ಇರಬಹುದು. ಯೆಹೂದ್ಯ ಮೂಲವಿಲ್ಲವೆಂದು ತೋರಿಸಲು ನಾಜಿ ಆಡಳಿತದ ಕಾಲದಲ್ಲಿ ಜನ ಮಾಡಿಸಿಟ್ಟುಕೊಂಡದ್ದು ಅದು. ಅದರಲ್ಲಿನ ದಿನಾಂಕಗಳು ಚರ್ಚಿನ ಪುಸ್ತಕದಿಂದಲೇ ಬಂದವಾದ್ದರಿಂದ ಉಪಯುಕ್ತ. ಆದರೆ ಅದು ಯಾವ ಉದ್ದೇಶಕ್ಕೆ ಹುಟ್ಟಿತೆಂಬುದನ್ನು ಮರೆತು, ಚಂದದ ಕುಟುಂಬ ಸ್ಮರಣಿಕೆಯೆಂದು ಮುಂದಿನವರಿಗೆ ತೋರಿಸುವುದು ನನಗೆ ಸರಿಯೆನಿಸುವುದಿಲ್ಲ.

ಸಿನ್ಸಿನಾಟಿಯ ಸೊಸೆ:

ಅಂತೂ ಒಂದು ಎಳೆ ಸಿಕ್ಕಿದೆ. ಪತ್ನಿಯ 1908ರ ಶವಸಂಸ್ಕಾರದ ನಮೂದಿನಲ್ಲಿ ಊರಿಲ್ಲ, ಆದರೆ ಪೀಪಾಯಿ ಮಾಡುತ್ತಿದ್ದ ಆ ಪೂರ್ವಿಕರ 1891ರ ನಮೂದಿನಲ್ಲಿ ಹುಟ್ಟಿದ್ದು ‘ವೈಲರ್’ ಎಂದಿದೆ. ಅದರ ಮುಂದೆ ಎರಡು ಅಕ್ಷರಗಳ ಸಂಕ್ಷೇಪ, ಆಮೇಲೆ ‘ಶೋರ್ನ್’ ಎಂದು ಆರಂಭವಾಗುವ, ಅರ್ಧಕ್ಕೆ ಮಸಿ ಹರಡಿದ ಒಂದು ಪದ. ವಯಸ್ಸನ್ನು ವರ್ಷ, ತಿಂಗಳು, ದಿನಗಳಲ್ಲಿ ಬರೆದಿದ್ದಾರೆ. ಲೆಕ್ಕ ಹಾಕಿದರೆ 1830ರ ಫೆಬ್ರವರಿ ಬರುತ್ತದೆ. ಹೈಲ್‌ಬ್ರಾನ್ ಬಳಿಯೂ ಒಂದು ವೈಲರ್ ಇರುವುದನ್ನು ನಕ್ಷೆಯಲ್ಲಿ ನೋಡಿದೆ. ಹಾಗಾದರೆ ಆ ವಂಶವೃಕ್ಷವೇ ಸರಿಯಿತ್ತೇ?

ಕಡತಪ್ರಿಯ:

ಅವಸರ ಬೇಡ. ವೈಲರ್ ಎಂಬ ಹೆಸರಿನ ಊರುಗಳು ಆ ನಾಡಿನ ತುಂಬ ಇವೆ. ವೈನ್ಸ್‌ಬರ್ಗ್ ಬಳಿ ಒಂದು, ತ್ಸಾಬರ್ ನದಿಯ ಕಣಿವೆಯಲ್ಲಿ ಒಂದು, ಬ್ಲೌಬಾಯ್ರೆನ್ ಬಳಿ ಒಂದು, ರೆಮ್ಸ್ ನದಿಯ ಕಣಿವೆಯಲ್ಲಿ ಶೋರ್ನ್‌ಡಾರ್ಫಿಗೆ ಹತ್ತಿಕೊಂಡಂತೆ ಒಂದು. ಜರ್ಮನ್ ಸಾಮ್ರಾಜ್ಯದ ಊರುಗಳನ್ನೆಲ್ಲ ಪಟ್ಟಿಮಾಡಿದ 1912ರ ಮೇಯರ್ಸ್ ಗೆಜೆಟಿಯರ್ ಅಂತರಜಾಲದಲ್ಲಿ ಉಚಿತವಾಗಿ ಲಭ್ಯವಿದೆ. ಅದರಲ್ಲಿ ಒಮ್ಮೆ ಹುಡುಕಿ, ಎಷ್ಟು ವೈಲರ್‌ಗಳಿವೆಯೆಂದು ನೀವೇ ನೋಡಬಹುದು.

ನಿಮ್ಮ ನಮೂದಿನ ಎರಡು ಅಕ್ಷರಗಳ ಸಂಕ್ಷೇಪ ಒಬರಾಮ್ಟ್ ಎಂಬುದರದು. ನಮ್ಮ ತಾಲ್ಲೂಕಿಗೆ ಸಮನಾದ ಆಡಳಿತ ವಿಭಾಗ ಅದು. ಆಗಿನ ವ್ಯುರ್ಟೆಂಬರ್ಗಿನಲ್ಲಿ ಅಂಥ ಅರವತ್ತಕ್ಕೂ ಹೆಚ್ಚು ವಿಭಾಗಗಳಿದ್ದವು. ಒಂದೇ ಹೆಸರಿನ ಊರುಗಳನ್ನು ಬೇರ್ಪಡಿಸಲೆಂದೇ ಪಾಲಕರು ಅದನ್ನು ಬರೆಯುತ್ತಿದ್ದರು. ‘ಶೋರ್ನ್’ ಎಂದರೆ ಶೋರ್ನ್‌ಡಾರ್ಫ್ ಅಲ್ಲದೆ ಬೇರೆ ಇರಲಾರದು. ಮೋಟಾರು ಕಾರಿನ ಗಾಟ್ಲೀಬ್ ಡೈಮ್ಲರ್ 1834ರಲ್ಲಿ ಹುಟ್ಟಿದ ಊರು ಅದೇ. ಅಲ್ಲಿಗೆ ಹೈಲ್‌ಬ್ರಾನಿನ ವಂಶವೃಕ್ಷ ನಿಮ್ಮದಲ್ಲವೆಂದು ಬಹುಮಟ್ಟಿಗೆ ತೀರ್ಮಾನವಾಯಿತು.

ರೆಮ್ಸ್ ಕಣಿವೆ ದ್ರಾಕ್ಷಿ ಬೆಳೆಯುವ ಸೀಮೆ. ಅಲ್ಲಿ ಆಸ್ತಿಯನ್ನು ಗಂಡುಹೆಣ್ಣೆನ್ನದೆ ಮಕ್ಕಳೆಲ್ಲರಿಗೂ ಸಮನಾಗಿ ಹಂಚುವ ಪದ್ಧತಿಯಿತ್ತು. ಹಂಚಿ ಹಂಚಿ ಹೊಲಗಳು ಪಟ್ಟಿಗಳಾದವು. 1840ರ ದಶಕದಲ್ಲಿ ಆಲೂಗಡ್ಡೆಗೆ ರೋಗ ಬಂತು, 1850ರ ದಶಕದ ಆರಂಭದಲ್ಲಿ ಬೆಳೆಗಳು ಕೆಟ್ಟವು. ಪೀಪಾಯಿಯ ಕಸುಬೂ, 1854ರ ವಲಸೆಯೂ ಆ ಸೀಮೆಗೆ ಹೊಂದುತ್ತವೆ. ಹೊಂದುತ್ತವೆ ಎಂಬುದು ಪುರಾವೆಯಲ್ಲ, ಅದನ್ನು ಪುಸ್ತಕದಲ್ಲೇ ನೋಡಬೇಕು. ವ್ಯುರ್ಟೆಂಬರ್ಗಿನ ಪ್ರಾಟೆಸ್ಟಂಟ್ ಚರ್ಚುಗಳ ಪುಸ್ತಕಗಳು ಆರ್ಕಿಯಾನ್ ಎಂಬ ಜಾಲತಾಣದಲ್ಲಿವೆ, ಚಂದಾ ಕಟ್ಟಬೇಕು. ಅದಕ್ಕೂ ಮೊದಲು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಪತ್ರಾಗಾರದ ವಲಸೆಗಾರರ ಸೂಚಿಯನ್ನು ಉಚಿತವಾಗಿ ನೋಡಿ. ಅನುಮತಿ ಪಡೆದು ಹೊರಟವರು ಪೌರಹಕ್ಕನ್ನು ಬಿಟ್ಟುಕೊಟ್ಟು, ಒಂದು ವರ್ಷದವರೆಗೆ ತಮ್ಮ ಸಾಲಗಳಿಗೆ ಜಾಮೀನುದಾರನನ್ನು ನಿಲ್ಲಿಸಬೇಕಾಗಿತ್ತು. ಆ ಕಡತಗಳಿಂದ ಬಂದ ಹೆಸರುಗಳು ಅದರಲ್ಲಿವೆ. ಹೇಳದೆ ಕೇಳದೆ ಹೊರಟವರೂ ಬಹಳ ಮಂದಿ ಇದ್ದರಾದ್ದರಿಂದ ಸೂಚಿಯಲ್ಲಿ ಇಲ್ಲದಿದ್ದರೆ ಎದೆಗುಂದಬೇಡಿ.

ಮೈಸೂರು ಮೂಲ:

ನಡುವೆ ಒಂದು ಪ್ರಶ್ನೆ. ಹೀಗೆ ಮೂಲ ಸಾಬೀತಾದರೆ ಮಕ್ಕಳಿಗೆ ಜರ್ಮನ್ ಪೌರತ್ವ ಸಿಗುತ್ತದೆಯೇ?

ಕಡತಪ್ರಿಯ:

1854ರಲ್ಲಿ ಹೊರಟವರ ಸಂತತಿಗೆ ಆ ದಾರಿಯಿಂದ ಸಿಗುವುದಿಲ್ಲ. ಅನುಮತಿ ಪಡೆದು ಹೊರಟವರು ಆಗಲೇ ಹಕ್ಕು ಬಿಟ್ಟಿದ್ದರು. ಉಳಿದವರ ವಿಷಯದಲ್ಲಿ, ಸತತವಾಗಿ ಹತ್ತು ವರ್ಷ ಹೊರದೇಶದಲ್ಲಿದ್ದು ರಾಯಭಾರ ಕಚೇರಿಯಲ್ಲಿ ನೋಂದಾಯಿಸಿಕೊಳ್ಳದವರ ಪೌರತ್ವ ಹೋಗುತ್ತದೆಂಬ 1870ರ ಕಾನೂನು 1914ರ ಆರಂಭದವರೆಗೂ ಜಾರಿಯಲ್ಲಿತ್ತು.

ಸಿನ್ಸಿನಾಟಿಯ ಸೊಸೆ:

ವಲಸೆಯ ಸೂಚಿಯಲ್ಲಿ ಹೆಸರಿಲ್ಲ. ಆದರೆ ಶೋರ್ನ್‌ಡಾರ್ಫ್ ಬಳಿಯ ವೈಲರ್‌ನ ದೀಕ್ಷಾಸ್ನಾನದ ಪುಸ್ತಕದಲ್ಲಿ ಅದೇ ಹೆಸರಿನ ಇಬ್ಬರು ಸಿಕ್ಕಿದ್ದಾರೆ. ಒಬ್ಬ 1827ರಲ್ಲಿ ಹುಟ್ಟಿದವನು, ಇನ್ನೊಬ್ಬ 1830ರ ಫೆಬ್ರವರಿಯಲ್ಲಿ. ಇಬ್ಬರಿಗೂ ತಂದೆತಾಯಿ ಒಬ್ಬರೇ! ಇದು ಹೇಗೆ ಸಾಧ್ಯ?

ಬಲ್ಮಠದ ಓದುಗ:

ಮೊದಲನೆಯ ಮಗು ತೀರಿಕೊಂಡಿರಬೇಕು. ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ಅಲ್ಲಿ ತೀರ ಸಾಮಾನ್ಯವಾಗಿತ್ತು. 1827ರಿಂದ 1830ರವರೆಗಿನ ಮರಣದ ಪುಸ್ತಕವನ್ನು ನೋಡಿ ಖಚಿತಪಡಿಸಿಕೊಳ್ಳಿ.

ಅಷ್ಟಕ್ಕೆ ನಿಲ್ಲಿಸದೆ, 1830ರಲ್ಲಿ ಹುಟ್ಟಿದವನು ಊರಿನಲ್ಲೇ ಬೆಳೆದು ಮದುವೆಯಾಗಿ ಅಲ್ಲೇ ತೀರಿಕೊಂಡಿಲ್ಲವೆಂಬುದನ್ನೂ ತೋರಿಸಬೇಕು. ಇದಕ್ಕೆ ವ್ಯುರ್ಟೆಂಬರ್ಗಿನಲ್ಲಿ ಬೇರೆ ನಾಡುಗಳಲ್ಲಿ ಸುಲಭವಾಗಿ ಸಿಗದ ಅನುಕೂಲವೊಂದಿದೆ. 1808ರಿಂದ ಅಲ್ಲಿನ ಪ್ರತಿ ಸಭೆಯಲ್ಲೂ ಕುಟುಂಬಗಳ ದಫ್ತರವನ್ನು ಇಟ್ಟರು. ಒಂದು ಕುಟುಂಬಕ್ಕೆ ಒಂದು ಪುಟ: ಮೇಲೆ ಗಂಡ, ಹೆಂಡತಿ, ಅವರಿಬ್ಬರ ತಂದೆತಾಯಿ, ಕೆಳಗೆ ಮಕ್ಕಳು, ಒಬ್ಬೊಬ್ಬರ ಜನನ, ಚರ್ಚಿನ ದೃಢೀಕರಣ ಸಂಸ್ಕಾರ, ಮದುವೆ, ಮರಣದ ದಿನಗಳು. ಊರು ಬಿಟ್ಟವರ ಹೆಸರಿನ ಮುಂದೆ ಅಮೆರಿಕಕ್ಕೆ ಹೋದರೆಂದು, ಎಷ್ಟೋ ಸಲ ವರ್ಷವನ್ನೂ ಸೇರಿಸಿ, ಬರೆದಿರುತ್ತಾರೆ. ಅಣ್ಣತಮ್ಮಂದಿರು ಮೂವರು ಹೊರಟರೋ ಒಬ್ಬನೇ ಹೊರಟನೋ ಎಂಬುದೂ ಅದೇ ಪುಟದಲ್ಲಿ ತಿಳಿದೀತು.

ಅಲ್ಲಿಯೂ ಬರೆದಿಲ್ಲವೆಂದಿಟ್ಟುಕೊಳ್ಳಿ. ಆಗ ತಂದೆತಾಯಿಯ ಮರಣದ ವರ್ಷವನ್ನು ಹಿಡಿದುಕೊಂಡು ಶೋರ್ನ್‌ಡಾರ್ಫಿನ ನಗರ ಪತ್ರಾಗಾರಕ್ಕೆ ಪತ್ರ ಬರೆಯಿರಿ. ವೈಲರ್ ಈಗ ಆ ನಗರಕ್ಕೇ ಸೇರಿದೆ. ವ್ಯುರ್ಟೆಂಬರ್ಗಿನ ಊರಾಡಳಿತಗಳು 19ನೆಯ ಶತಮಾನದ ಕೊನೆಯವರೆಗೂ ಮದುವೆಯಾದಾಗ ಒಮ್ಮೆ, ಸತ್ತಾಗ ಒಮ್ಮೆ ಪ್ರತಿ ಮನೆಯ ಆಸ್ತಿಯನ್ನು ಪಟ್ಟಿ ಮಾಡುತ್ತಿದ್ದವು. ಹೊಲ, ದ್ರಾಕ್ಷಿತೋಟ, ಹಾಸಿಗೆ, ಅಂಗಿ, ತಟ್ಟೆ, ಪೀಪಾಯಿ ಒಂದನ್ನೂ ಬಿಡುತ್ತಿರಲಿಲ್ಲ. ಸತ್ತವರ ಪಟ್ಟಿಯಲ್ಲಿ ವಾರಸುದಾರರೆಲ್ಲರ ಹೆಸರೂ ಇರಲೇಬೇಕು, ಪರದ್ವೀಪದಲ್ಲಿರುವ ಮಗನಿಗೂ ಪಾಲಿರುವುದರಿಂದ ಅವನು ಯಾವ ಊರಿನಲ್ಲಿ ಏನು ಮಾಡಿಕೊಂಡಿದ್ದಾನೆಂದು ಬರೆಯುತ್ತಿದ್ದರು. ಪೀಪಾಯಿ ಮಾಡುವವನು, ಸಿನ್ಸಿನಾಟಿ, ಉತ್ತರ ಅಮೆರಿಕ ಎಂಬಂಥ ಒಂದು ಸಾಲು ಅಲ್ಲಿ ಸಿಕ್ಕರೆ ಎರಡೂ ದಡದ ದಾಖಲೆಗಳು ಒಬ್ಬನನ್ನೇ ಕುರಿತವೆಂದು ಯಾರ ಮುಂದೆ ಬೇಕಾದರೂ ವಾದಿಸಬಹುದು. ಪತ್ರವನ್ನು ಜರ್ಮನ್ನಿನಲ್ಲೇ, ಚಿಕ್ಕದಾಗಿ ಬರೆಯಿರಿ. ಹೆಸರು, ಜನನದ ದಿನ, ತಂದೆತಾಯಿಯ ಹೆಸರು, ಅವರ ಮರಣದ ವರ್ಷ, ಯಾವ ದಾಖಲೆ ಬೇಕು, ಪ್ರತಿಗೆ ತಗಲುವ ಶುಲ್ಕ ಎಷ್ಟು, ಇಷ್ಟು ಸಾಕು. ಐದು ತಲೆಮಾರಿನ ಕಥೆಯನ್ನು ಅದರಲ್ಲಿ ಸೇರಿಸಬೇಡಿ.